ಮೆಲುಗಾಳಿಗೆ ದೊಡ್ಡ ರೆಕ್ಕೆ ಮದ್ದಲ್ಲ

ತಮ್ಮಾ, ಕೈಯಲ್ಲಿ ರೆಕ್ಕೆ ಹಿಡಿದು, ಬೋರ್ಡಿನ ಮೇಲೆ ನಿಂತು ನೀರು ಬಿಟ್ಟೆದ್ದು ಓಡುವ ವಿಂಗ್ ಫಾಯಿಲಿಂಗ್ ಕಲಿತೇ ತೀರುತ್ತೇನೆ ಅಂತ ಹಟ ಹಿಡಿದಿದ್ದೀಯ. ಸಂತೋಷ. ಕಡಲಿಗೆ ದೂರದ ನಮ್ಮ ರಾವೂರಿನ ಹುಡುಗನಿಗೆ ನೀರಾಟ ಯಾಕೆ ಎನ್ನುವವರಿಗೆ ಕಿವಿಗೊಡಬೇಡ. ಆದರೆ ಸಾಮಾನು ಕೊಳ್ಳುವ ಮೊದಲು ಒಂದು ಮಾತು ಕೇಳು: ಮೆಲುಗಾಳಿಯಲ್ಲಿ ಆಡುವವನು ದುಡ್ಡನ್ನು ಕೈಯಲ್ಲಿ ಹಿಡಿಯುವ ರೆಕ್ಕೆಗಿಂತ, ಬೋರ್ಡಿನಡಿ ನೀರೊಳಗಿದ್ದು ಅದನ್ನು ಮೇಲೆತ್ತುವ ಫಾಯಿಲ್‌ಗೆ ಸುರಿಯಬೇಕು.

ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಗಂಟೆಗೆ 22 ಕಿ.ಮೀ. ಬೀಸುತ್ತಿದ್ದ ಗಾಳಿ 15ಕ್ಕೆ ಇಳಿದರೆ ಬಲ ಅರ್ಧಕ್ಕೂ ನಿಲ್ಲುವುದಿಲ್ಲ. ಸಾಲದ್ದಕ್ಕೆ ನಮ್ಮ ಕಡೆಯ 40 ಡಿಗ್ರಿ ಬಿಸಿಲಿನ ಗಾಳಿ 15 ಡಿಗ್ರಿಯ ತಂಪು ಗಾಳಿಗಿಂತ ಶೇ. 8ರಷ್ಟು ಹಗುರ. ಚಳಿ ದೇಶದವರು ಬರೆದ ಅಳತೆಪಟ್ಟಿ ನಮಗೆ ಹಾಗೆಹಾಗೇ ಹೊಂದುವುದಿಲ್ಲ. ಈ ಕೊರತೆ ತುಂಬಲು ಹುಡುಗರು 7-8 ಚದರ ಮೀಟರಿನ ರೆಕ್ಕೆ ತರುತ್ತಾರೆ. ಅದರ ತುದಿ ನೀರಿಗೆ ತಾಗುತ್ತದೆ, ತೋಳು ಸೋಲುತ್ತದೆ. ನಿನಗೆ 6 ಸಾಕು.

ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಹಾಗಾಗಿ ನೀರೊಳಗೆ ವಿಸ್ತೀರ್ಣ ತುಸು ಹೆಚ್ಚಿದರೂ ಎತ್ತುವ ಬಲ ಬಹಳ ಹೆಚ್ಚುತ್ತದೆ. ಮುಂದಿನ ಫಾಯಿಲ್‌ನ ವಿಸ್ತೀರ್ಣ 1.8 ಪಟ್ಟಾದರೆ ಮುಕ್ಕಾಲು ವೇಗದಲ್ಲೇ ಬೋರ್ಡ್ ನೀರು ಬಿಟ್ಟೇಳುತ್ತದೆ. ನೀನು 70 ಕಿಲೋ ಇದ್ದೀಯ; 1,700ರಿಂದ 2,000 ಚದರ ಸೆಂಟಿಮೀಟರಿನದು ನೋಡು. ತೀರಾ ಗಿಡ್ಡ-ಅಗಲ ಬೇಡ, ಬೇಗ ಎದ್ದರೂ ಬೇಗ ಕುಸಿಯುತ್ತದೆ. ತೀರಾ ಉದ್ದ-ಸಪೂರವನ್ನು ಹೊಸಬರು ಹಿಡಿತಕ್ಕೆ ತರಲಾರರು. ಬೋರ್ಡ್ ಕಿರಿದಾಗಿ ಉದ್ದವಿರಲಿ, ಲೀಟರ್ ಲೆಕ್ಕದಲ್ಲಿ ನಿನ್ನ ತೂಕಕ್ಕಿಂತ 25-30 ಹೆಚ್ಚಿರಲಿ.

ಇನ್ನು ಕೈಚಳಕ. ಗಾಳಿ ಬಂದಾಗ ತೂರಿಕೋ ಅನ್ನುತ್ತಾರಲ್ಲ, ಕಣದಲ್ಲಿ ತೊಗರಿ ತೂರುವವನ ತಾಳ್ಮೆಯೇ ಇಲ್ಲೂ ಬೇಕು. ನೀರಿನ ಮೇಲೆ ಕಪ್ಪು ಸುಕ್ಕು ಸರಿದು ಬರುವುದನ್ನು ಕಾಯಿ. ಅದು ಮುಟ್ಟಿದಾಗ ಬೋರ್ಡಿನ ಮೂತಿಯನ್ನು ಗಾಳಿ ಹೋಗುವ ದಿಕ್ಕಿಗೆ ಕೊಂಚ ವಾಲಿಸಿ ಮೊದಲು ವೇಗ ಕಟ್ಟಿಕೋ. ರೆಕ್ಕೆಯನ್ನು ಉದ್ದುದ್ದಕ್ಕೆ ಬೀಸು, ಅದೇ ಲಯದಲ್ಲಿ ಕಾಲಿನಿಂದ ಬೋರ್ಡನ್ನು ಒತ್ತು, ಬಿಡು. ಕೈ ಒಂದು ಕಡೆ, ಕಾಲು ಒಂದು ಕಡೆ ಆದರೆ ಸುಸ್ತೊಂದೇ ಗಳಿಕೆ. ಎದ್ದ ಕೂಡಲೇ ಗಾಳಿಗೆದುರು ತಿರುಗುವ ಆಸೆ ಬರುತ್ತದೆ, ತಡೆದುಕೋ. ವೇಗ ಬಂದ ಮೇಲೆ ಓಟದ ಗಾಳಿಯೂ ಸೇರಿ ರೆಕ್ಕೆ ತುಂಬುತ್ತದೆ. ಆಗ ಮೆಲ್ಲಗೆ ತಿರುಗು. ಗಾಳಿ ಬತ್ತಿದ ಜಾಗದಲ್ಲಿ ಮಾತ್ರ ತಿರುವು ತೆಗೆದುಕೊಳ್ಳಬೇಡ.

ನನಗೆ ನಿಜವಾದ ಭಯ ಬೇರೆ ಇದೆ. ನಮ್ಮೂರ ಸುತ್ತ, ಶಹಾಬಾದ್, ವಾಡಿ, ಚಿತ್ತಾಪುರದ ಕಡೆ, ಫರಸಿ ಕಲ್ಲು ತೆಗೆದು ಬಿಟ್ಟ ಗಣಿಗುಂಡಿಗಳಲ್ಲಿ ನೀರು ನಿಂತಿದೆ. ನೋಡಲು ತಿಳಿ, ಹತ್ತಿರ, ಕೇಳುವವರಿಲ್ಲ. ಅಲ್ಲಿಗೆ ಹೋಗಬೇಡ. ಗೋಡೆ ನೆಟ್ಟಗಿದೆ, ಹತ್ತಲು ದಾರಿಯಿಲ್ಲ. ಗಾಳಿ ದಂಡೆಗೆ ಬಡಿದು ಸುಳಿಯಾಗುತ್ತದೆ. ಬೋರ್ಡಿಗೂ ಫಾಯಿಲ್‌ಗೂ ನಡುವಿನ ಕಂಬ, ಅಂದರೆ 80 ಸೆಂಟಿಮೀಟರಿನ ಮಾಸ್ಟ್, ಒಳಗಿನ ಬಂಡೆಗೆ ತಾಗಿದರೆ ನೀನು ಮುಗ್ಗರಿಸುವುದು ಫಾಯಿಲ್‌ನ ಅಂಚಿನ ಮೇಲೆ. ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯ ಚೆಂದ, ಆದರೆ ಅದು ವನ್ಯಜೀವಿಧಾಮದ ನೀರು, ಅನುಮತಿಯಿಲ್ಲದೆ ಇಳಿಯುವಂತಿಲ್ಲ.

ಹಾಗಾದರೆ ಎಲ್ಲಿ ಕಲಿಯುವುದು ಅಂತೀಯಾ? ವಾಡಿಯಲ್ಲಿ ಸಿಕಂದರಾಬಾದ್ ರೈಲು ಹತ್ತು. ಅಲ್ಲಿನ ಹುಸೇನ್ ಸಾಗರ ಕೆರೆಯಲ್ಲಿ ಹಾಯಿದೋಣಿ ನಡೆಸುವವರಿದ್ದಾರೆ. ಮೊದಲು ಅವರ ಬಳಿ ಗಾಳಿ ಓದುವುದನ್ನು ಕಲಿ. ಲೈಫ್ ಜಾಕೆಟ್, ಹೆಲ್ಮೆಟ್ ಈ ವಾರವೇ ತೆಗೆದುಕೋ, ಫಾಯಿಲ್ ಆಮೇಲೆ ನೋಡೋಣ.