ಹೊಸದು ಸೇರಿಸಬೇಡಿ, ಇರುವುದರಲ್ಲಿ ಆರಿಸಿ

ಪ್ರಶ್ನೆ: ನಾನು ಹೊರಕೆರೆದೇವಪುರದವಳು, ದ್ವಿತೀಯ ಪಿಯುಸಿ. ಬೆಂಗಳೂರಿನಲ್ಲಿ ಅರ್ಥಶಾಸ್ತ್ರ ಬಿ.ಎ. ಓದುವಾಸೆ. ಅರ್ಜಿಯ ಜೊತೆ ನನ್ನ ಬಗ್ಗೆ ಪ್ರಬಂಧ ಬರೆಯಬೇಕಂತೆ. ‘ಊರಲ್ಲಿ ಗ್ರಂಥಾಲಯ ಶುರು ಮಾಡಿದೆ ಅಂತ ಹಾಕು, ಅಪ್ಪನ ಸಾಲದ ಕಥೆ ಬರಿ, ಸೀಟು ಗ್ಯಾರಂಟಿ’ ಅನ್ನುತ್ತಾನೆ ದೊಡ್ಡಪ್ಪನ ಮಗ. ಸುಳ್ಳು ಬರೆಯಲು ಮನಸ್ಸಿಲ್ಲ. ನಿಜ ಬರೆಯೋಣವೆಂದರೆ, ಅಡಿಕೆ ಸುಲಿಯುವವರ ಕೂಲಿ ಲೆಕ್ಕ ಇಡುವುದು ಬಿಟ್ಟು ನಾನೇನೂ ಮಾಡಿಲ್ಲ. ನಿದ್ದೆಯೇ ಬರುತ್ತಿಲ್ಲ.

ಉತ್ತರ: ನಿಮ್ಮ ತಳಮಳ ಸಹಜ. ನಮಗೆ ಗೊತ್ತಿರುವುದು ಅಂಕ ನೋಡಿ ಕೊಡುವ ಸೀಟು. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ; ಅಲ್ಲಿ ‘ನೀವು ಯಾರು’ ಎಂದು ಯಾರೂ ಕೇಳುವುದಿಲ್ಲ. ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಜಂಬ ಎಂದು ಕಲಿಸುವ ಮನೆಗಳು ನಮ್ಮವು, ಹೆಣ್ಣುಮಕ್ಕಳಿಗಂತೂ ಇನ್ನೂ ಹೆಚ್ಚು. ಹೀಗೆ ಬೆಳೆದವರಿಗೆ ಖಾಲಿ ಹಾಳೆ ಕಂಡರೆ ‘ನನ್ನಲ್ಲೇನೂ ಇಲ್ಲ’ ಅನಿಸುತ್ತದೆ. ಆದರೆ ನಿಮಗಿಲ್ಲದಿರುವುದು ಹೇಳಿಕೊಳ್ಳುವ ಅಭ್ಯಾಸ ಅಷ್ಟೇ.

ಅಣ್ಣನ ಕಾಳಜಿ ನಿಜ, ಸಲಹೆ ಮಾತ್ರ ಬೇಡ. ನಡೆದದ್ದರಲ್ಲಿ ಒಂದನ್ನು ಆರಿಸಿ ಚೆನ್ನಾಗಿ ಹೇಳುವುದು ಮೋಸವಲ್ಲ. ನಡೆಯದ್ದನ್ನು ಸೇರಿಸುವುದು ಮೋಸ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕಡೆ ಸಂದರ್ಶನವೂ ಇರುತ್ತದೆ. ‘ನಿಮ್ಮ ಗ್ರಂಥಾಲಯದಿಂದ ಮಕ್ಕಳು ಯಾವ ಪುಸ್ತಕ ಹೆಚ್ಚು ಒಯ್ಯುತ್ತಿದ್ದರು?’ ಎಂದು ಕೇಳಿದರೆ ಏನು ಹೇಳುತ್ತೀರಿ? ಕೂಲಿ ಲೆಕ್ಕದ ಬಗ್ಗೆ ಕೇಳಿದರೆ ನೀವು ತಡವರಿಸುವುದಿಲ್ಲ. ಯಾರು ಎಷ್ಟು ಸುಲಿದರು, ಯಾರು ಮುಂಗಡ ಪಡೆದರು, ಅಡಿಕೆ ದರ ಏರಿದಾಗ ಕೂಲಿಯೂ ಏರಿತೇ? ಅರ್ಥಶಾಸ್ತ್ರ ಓದಲು ಹೊರಟವರು ಬರೆಯಬೇಕಾದ್ದು ಇದನ್ನೇ.

ಹೀಗೆ ಮಾಡಿ ನೋಡಿ:

• ಸುಲಿತದ ಒಂದು ದಿನವನ್ನು ಮೊದಲು ಕನ್ನಡದಲ್ಲೇ ಬರೆಯಿರಿ. ನೀವು ಏನು ಮಾಡಿದಿರಿ, ನಿಮಗೆ ಯಾವ ಪ್ರಶ್ನೆ ಹುಟ್ಟಿತು, ಅಷ್ಟೇ ಸಾಕು. ಇಂಗ್ಲಿಷ್ ಆಮೇಲೆ.

• ಪ್ರತಿ ವಾಕ್ಯಕ್ಕೂ ‘ಇದರ ಬಗ್ಗೆ ಕೇಳಿದರೆ ಹೇಳಬಲ್ಲೆನಾ?’ ಎಂದು ಕೇಳಿಕೊಳ್ಳಿ. ಆಗದಿದ್ದರೆ ಹೊಡೆದುಹಾಕಿ.

• ಅಪ್ಪನ ಸಾಲದ ಕಥೆ ಅಪ್ಪನದೂ ಹೌದು. ಅವರನ್ನು ಕೇಳದೆ ಬರೆಯಬೇಡಿ, ಬರೆಯದಿದ್ದರೂ ತಪ್ಪಲ್ಲ. ಶುಲ್ಕದ ನೆರವು ಕೇಳುವಾಗ ಮನೆಯ ಸ್ಥಿತಿ ಹೇಳಲು ನಾಡಕಚೇರಿಯ ಆದಾಯ ಪ್ರಮಾಣಪತ್ರವಿದೆ.

• ಉಪನ್ಯಾಸಕರಿಗೆ ತೋರಿಸಿ. ಅವರು ಭಾಷೆ ತಿದ್ದಲಿ, ನಡೆದದ್ದನ್ನಲ್ಲ.

ನಿದ್ದೆಗೇಡು ಹೀಗೇ ಮುಂದುವರಿದರೆ ಮನೆಯವರಿಗೆ ಹೇಳಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೂ ಕರೆ ಮಾಡಬಹುದು; ಅದು ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮಕ್ಕಳ ಪ್ರಬಂಧಕ್ಕೆ ‘ತೂಕ’ ತುಂಬಲು ಹೊರಟಿರುವ ಹಿರಿಯರಲ್ಲೂ ಒಂದು ವಿನಂತಿ: ನೀವು ಸೇರಿಸುವ ಪ್ರತಿ ಸುಳ್ಳೂ ‘ನೀನಿರುವಂತೆ ಸಾಲದು’ ಎಂದು ಮಗುವಿಗೆ ಹೇಳುತ್ತದೆ. ದಯವಿಟ್ಟು ಹಾಗೆ ಹೇಳಬೇಡಿ.