ಹಗ್ಗದ ಈಚೆ ತುದಿ

ಬಾವಿಗೆ ಯಾರೋ ಬಿದ್ದಿದ್ದಾರೆ ಎಂಬ ಕರೆ ಬಂದು ನಾವು ಹಳ್ಳಿ ಮುಟ್ಟಿದಾಗ, ಬಾವಿಗಿಂತ ಮೊದಲು ನನ್ನ ಕಣ್ಣು ಅದರ ಸುತ್ತ ನಿಂತ ಜನರ ಮೇಲೆ ಓಡುತ್ತಿತ್ತು. ಬಿದ್ದವನ ಅಪ್ಪ ಯಾರು, ಅಣ್ಣ ಯಾರು ಎಂದು ಗುರುತಿಸಿ, ಇಬ್ಬರು ಗಟ್ಟಿ ಆಳುಗಳನ್ನು ಅವರ ಪಕ್ಕ ನಿಲ್ಲಿಸಿದ ಮೇಲೆಯೇ ಹಗ್ಗ ಬಿಚ್ಚಿಸುತ್ತಿದ್ದೆ. ಅಗ್ನಿಶಾಮಕ ಇಲಾಖೆಯಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ದುಡಿದು ಜಿಲ್ಲಾ ಅಧಿಕಾರಿಯಾಗಿ ನಿವೃತ್ತನಾದವನು ನಾನು. ಬೆಂಕಿಗಿಂತ ಹೆಚ್ಚಾಗಿ ನನಗೆ ಪಾಠ ಕಲಿಸಿದ್ದು ಈ ಬಾವಿಗಳು.

ಬಹುಕಾಲ ಬಳಸದ ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ಕೆಳಗೇ ಕೂತಿರುತ್ತದೆ. ಹೂಳು ತೆಗೆಯಲು ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ. ಮೇಲಿದ್ದವರಿಗೆ ಕಾಲು ಜಾರಿತೇನೋ ಅನ್ನಿಸುತ್ತದೆ. ತಮ್ಮ ಇಳಿಯುತ್ತಾನೆ, ಅವನೂ ಮೇಲೆ ಬರುವುದಿಲ್ಲ. ಆಮೇಲೆ ಅಪ್ಪ. ‘ಒಂದೇ ಕುಟುಂಬದ ಮೂವರ ಸಾವು’ ಎಂದು ಮರುದಿನ ಪತ್ರಿಕೆಯಲ್ಲಿ ಓದುತ್ತೀರಲ್ಲ, ಅದು ನಡೆಯುವುದು ಹೀಗೆ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನೂ ಪೂರ್ತಿ ನಂಬುವಂತಿಲ್ಲ. ಬಾವಿಯೊಳಗೆ ಡೀಸೆಲ್ ಪಂಪು ಇಟ್ಟು ಓಡಿಸಿದ್ದರೆ ಅಲ್ಲಿ ಇಂಗಾಲದ ಮಾನಾಕ್ಸೈಡ್ ತುಂಬಿರುತ್ತದೆ. ದೀಪ ಚೆನ್ನಾಗಿಯೇ ಉರಿಯುತ್ತದೆ, ಮನುಷ್ಯ ಉಳಿಯುವುದಿಲ್ಲ. ಒಳಚರಂಡಿಯ ಮ್ಯಾನ್‌ಹೋಲ್‌ಗಳಲ್ಲಿ ಇನ್ನೊಂದು ಬಗೆಯ ವಿಷಾನಿಲ. ಮೊದಲು ಕೊಳೆತ ಮೊಟ್ಟೆಯ ನಾತ ಬರುತ್ತದೆ, ಅನಿಲ ಹೆಚ್ಚಾದರೆ ಮೂಗು ಸತ್ತು ವಾಸನೆಯೇ ತಿಳಿಯದಂತಾಗುತ್ತದೆ.

ಇಂಥ ಕಡೆ ಎರಡನೆಯವನಾಗಿ, ಮೂರನೆಯವನಾಗಿ ಇಳಿದು ಸಾಯುವವರು ಮೂರ್ಖರಲ್ಲ. ಕಣ್ಣ ಮುಂದೆ ಮಗ ಸಾಯುತ್ತಿರುವಾಗ ನಿಂತು ನೋಡಲಾಗದವರು ಅವರು. ಇದು ನನಗೆ ಸರಿಯಾಗಿ ಅರ್ಥವಾದದ್ದು ನಾನೂ ಅಪ್ಪನಾದ ಮೇಲೆ.

ಒಮ್ಮೆ ದಾವಣಗೆರೆ ಸೀಮೆಯ ಹಳ್ಳಿಯೊಂದರಲ್ಲಿ ರೈತರೊಬ್ಬರನ್ನು ತಬ್ಬಿ ಹಿಡಿದುಕೊಳ್ಳಬೇಕಾಯಿತು. ಮಗ ಕೆಳಗೆ ಬಿದ್ದಿದ್ದ. “ಬಿಡ್ರೀ ನನ್ನ, ನಿಮಗೇನ್ರೀ ಗೊತ್ತು? ನಿಮಗೆ ಮಕ್ಕಳಿಲ್ಲೇನು?” ಎಂದು ನನ್ನ ಎದೆಗೆ ಗುದ್ದಿದರು.

“ಇದಾರೆ ಯಜಮಾನ್ರೇ. ಅದಕ್ಕೇ ಹಿಡ್ಕಂಡಿರೋದು” ಅಂದೆ.

ನಮ್ಮ ಹುಡುಗ ಬಿ.ಎ. ಸೆಟ್ ಹಾಕಿಕೊಂಡು, ಅಂದರೆ ಉಸಿರಾಟದ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು, ಇಳಿಯಲು ಸಿದ್ಧನಾಗಿದ್ದ. ಆಗ ನನಗೇನು ತೋಚಿತೋ, ಹಗ್ಗ ಹಿಡಿದಿದ್ದ ನಮ್ಮವರ ಹಿಂದೆ, ಹಗ್ಗದ ಈಚೆ ತುದಿಯನ್ನು ಆ ತಂದೆಯ ಕೈಗೆ ಕೊಟ್ಟೆ. “ಇದನ್ನ ಬಿಡಬೇಡಿ, ನಾನು ಎಳೀರಿ ಅಂದಾಗ ಎಳೀರಿ” ಎಂದೆ. ಅವರು ಗುದ್ದುವುದನ್ನು ನಿಲ್ಲಿಸಿ ಹಗ್ಗವನ್ನು ಎರಡು ಸುತ್ತು ಮುಂಗೈಗೆ ಸುತ್ತಿಕೊಂಡರು. ಸುತ್ತಿಕೊಳ್ಳಬಾರದು ಎಂದು ಬಿಡಿಸಿ, ಹಿಡಿಯುವ ಬಗೆ ತೋರಿಸಿದೆ. ಮಗು ಪಾಠ ಕೇಳುವಂತೆ ಕೇಳಿದರು. ಆ ಹುಡುಗ ಉಸಿರಿದ್ದಾಗಲೇ ಮೇಲೆ ಬಂದ. ಎಲ್ಲ ಬಾವಿಗಳಲ್ಲೂ ಹಾಗಾಗಲಿಲ್ಲ. ಆದರೆ ಅಂದಿನಿಂದ ನಾನು ಮನೆಯವರನ್ನು ಗದರಿಸಿ ದೂರ ಅಟ್ಟಲಿಲ್ಲ. ಹಗ್ಗದ ತುದಿ, ಟಾರ್ಚು, ಆಂಬುಲೆನ್ಸ್‌ಗೆ ದಾರಿ ಬಿಡಿಸುವ ಕೆಲಸ, ಏನಾದರೊಂದನ್ನು ಅವರಿಗೆ ಕೊಡುತ್ತಿದ್ದೆ. ಪ್ರಾಣ ಕೊಡಲು ಹೊರಟವರಿಗೆ ಮಾಡಲು ಒಂದು ಕೆಲಸ ಸಿಕ್ಕರೆ ಪ್ರಾಣ ಉಳಿಯುತ್ತದೆ.

ನಮ್ಮ ಹುಡುಗರ ವಿಷಯದಲ್ಲಿಯೂ ನಾನು ಕಲಿತದ್ದು, ಒಳಗೆ ಹೋದವನ ಪ್ರಾಣ ಹೊರಗೆ ನಿಂತವನ ಕೆಲಸದ ಮೇಲಿದೆ ಎಂಬುದನ್ನೇ. ಹೊಗೆಯೊಳಗೆ ಹೋಗುವವನ ಹೆಸರು, ಹೋದ ಹೊತ್ತು, ಸಿಲಿಂಡರಿನ ಒತ್ತಡ ಇಷ್ಟನ್ನೂ ಹೊರಗೆ ಒಬ್ಬ ಬರೆದುಕೊಂಡು ಕಾಯಬೇಕು. ಗಾಳಿ ಮುಗಿಯುತ್ತ ಬಂದಾಗ ಸೆಟ್ಟಿನ ಸೀಟಿ ಕೂಗುತ್ತದೆ, ಆದರೆ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಎಷ್ಟು ಒಳಗೆ ಹೋಗಿದ್ದಾನೋ ಅಷ್ಟೇ ದೂರ ವಾಪಸ್ ಬರಬೇಕಲ್ಲ. ‘ಬರೆಯುತ್ತ ಕೂತರೆ ಬೆಂಕಿ ಕಾಯುತ್ತದೆಯೇ’ ಎಂದು ಕೇಳುವವರಿದ್ದರು. ಬರೆಯದೆ ಯಾರನ್ನೂ ನಾನು ಒಳಗೆ ಕಳಿಸಲಿಲ್ಲ. ಆ ಪಟ್ಟಿಯಲ್ಲಿದ್ದ ಒಂದೊಂದು ಹೆಸರಿನ ಹಿಂದಿನ ಮನೆಯನ್ನೂ ನಾನು ಬಲ್ಲೆ. ಅವರ ಮದುವೆಗಳಲ್ಲಿ ಊಟ ಮಾಡಿದ್ದೆ, ಮಕ್ಕಳ ನಾಮಕರಣಕ್ಕೆ ಹೋಗಿದ್ದೆ.

ನನ್ನ ಮೇಲೆ ಅಕ್ಕರೆಯಿದ್ದ ಹಿರಿಯರೊಬ್ಬರು, “ಅಪಾಯದ ಜಾಗಕ್ಕೆ ಮದುವೆಯಾಗದವನನ್ನು ಕಳಿಸಪ್ಪಾ” ಎಂದಿದ್ದರು. ನಾನು ಒಪ್ಪಲಿಲ್ಲ. ಮದುವೆಯಾಗದವನಿಗೂ ಅವ್ವ ಇರುತ್ತಾಳೆ. ಒಳಗೆ ಹೋಗಬೇಕಾದವನು ಅಂದು ಚೆನ್ನಾಗಿ ನಿದ್ದೆ ಮಾಡಿರುವವನು, ಮನಸ್ಸು ನೆಟ್ಟಗಿರುವವನು. ಮಗುವಿಗೆ ಜ್ವರ ಬಂದು ರಾತ್ರಿಯಿಡೀ ಎದ್ದಿದ್ದವನು, ಹೆಂಡತಿಯ ದಿನ ತುಂಬಿ ಆಸ್ಪತ್ರೆಯ ಸುದ್ದಿಗೆ ಕಾಯುತ್ತಿರುವವನು ಪಂಪಿನ ಹತ್ತಿರ ನಿಲ್ಲಲಿ. ಯಾರ ಸ್ಥಿತಿ ಹೇಗಿದೆ ಎಂದು ತಿಳಿಯಲು ಬೆಳಗಿನ ಹಾಜರಾತಿ ಸಾಲದು. ಅದಕ್ಕೇ ಪರೇಡ್ ಮುಗಿದ ಮೇಲೆ ಎಲ್ಲರ ಜೊತೆ ನಿಂತು ಚಹಾ ಕುಡಿಯುತ್ತಿದ್ದೆ. “ಮಗಳ ಕೆಮ್ಮು ಹೇಗಿದೆಯಪ್ಪಾ?” ಎಂದು ಕೇಳುವುದು ನನ್ನ ಮಟ್ಟಿಗೆ ಹೋಸ್ ಪೈಪು ಪರೀಕ್ಷಿಸಿದಷ್ಟೇ ಮುಖ್ಯವಾದ ಕೆಲಸವಾಗಿತ್ತು.

ಪ್ರತಿ ವರ್ಷ ಏಪ್ರಿಲ್ 14ರಂದು ನಾವು ಅಗ್ನಿಶಾಮಕ ಸೇವಾ ದಿನ ಆಚರಿಸುತ್ತೇವೆ. 1944ರ ಆ ದಿನ ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗಿಗೆ ಬೆಂಕಿ ಹತ್ತಿತ್ತು. ಹತ್ತಿಯ ಮೂಟೆಗಳ ಜೊತೆ ಸ್ಫೋಟಕಗಳನ್ನೂ ತುಂಬಿಕೊಂಡಿದ್ದ ಹಡಗು. ಅದು ಸಿಡಿದು, ನಂದಿಸಲು ಹೋದವರಲ್ಲಿ 66 ಅಗ್ನಿಶಾಮಕರು ತೀರಿಕೊಂಡರು. ಎದೆಗೆ ಪುಟ್ಟ ಧ್ವಜ ಸಿಕ್ಕಿಸಿಕೊಂಡು ಗೌರವ ಸಲ್ಲಿಸುವಾಗ ಆ 66 ಮನೆಗಳಲ್ಲಿ ಅಂದು ರಾತ್ರಿ ಬಾಗಿಲ ಬಳಿ ಕಾದವರು ನನ್ನ ನೆನಪಿಗೆ ಬರುತ್ತಿದ್ದರು. ಯಾವುದೇ ಗೋದಾಮಿನ ಬೆಂಕಿಗೆ ಹೋದರೂ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಒಳಗೆ ಏನಿದೆ?’ ಎಂಬುದು. ಕೀಟನಾಶಕವೋ ಹತ್ತಿಯೋ ಗೊತ್ತಾಗುವವರೆಗೆ ನಮ್ಮವರು ಬಾಗಿಲು ದಾಟುತ್ತಿರಲಿಲ್ಲ.

ಇನ್ನು ನಮ್ಮ ಮನೆಯ ಮಾತು. ಠಾಣೆಯ ಹಿಂದೆಯೇ ಕ್ವಾರ್ಟರ್ಸ್, ಗಂಟೆ ಹೊಡೆದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ದೀಪಾವಳಿಯಲ್ಲಿ ಪಟಾಕಿಯ ಕಿಡಿ, ಬೇಸಿಗೆಯಲ್ಲಿ ಬಣವೆಯ ಬೆಂಕಿ. ಊರಿಗೆ ಹಬ್ಬವಾದಾಗ ನಮಗೆ ರಜೆಯಿಲ್ಲ. ಹೆಂಡತಿ ಇದನ್ನು ದೂರದೆ ಸಹಿಸಿದಳು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ದೂರಿದಳು, ಅವಳ ಮಾತು ಸರಿಯಾಗಿತ್ತು. ಒಮ್ಮೆ ಹೇಳಿದಳು: “ರೀ, ನೀವು ಹೋಗೋದಕ್ಕೆ ನನಗೆ ಬೇಜಾರಿಲ್ಲ. ಬೆಂಕಿ ಆರಿ ಎಷ್ಟೋ ಹೊತ್ತಾದ ಮೇಲೂ ಈ ಸಾಲಿನ ಹೆಂಗಸರೆಲ್ಲ ಬಾಗಿಲಲ್ಲಿ ನಿಂತಿರ್ತೀವಲ್ಲ, ಅದು ಯಾಕೆ?”

ಅದಕ್ಕೆ ಉತ್ತರವಿರಲಿಲ್ಲ, ಪರಿಹಾರವಿತ್ತು. ಬೆಂಕಿ ಹತೋಟಿಗೆ ಬಂತೆಂದು ಸ್ಥಳದಿಂದ ವೈರ್‌ಲೆಸ್‌ನಲ್ಲಿ ನಾವು ‘ಸ್ಟಾಪ್ ಮೆಸೇಜ್’ ಕೊಡುತ್ತೇವೆ. ಅದು ಬಂದ ಕೂಡಲೇ ವಾಚ್ ರೂಮಿನವನು ಕ್ವಾರ್ಟರ್ಸ್‌ಗೆ ಹೇಳಿ ಕಳಿಸಬೇಕು, ‘ಎಲ್ಲರೂ ಕ್ಷೇಮ’ ಎಂದು. ನಾನಿದ್ದ ಠಾಣೆಗಳಲ್ಲೆಲ್ಲ ಇದನ್ನು ರೂಢಿಗೆ ತಂದೆ. ಯಾವ ಸುತ್ತೋಲೆಯೂ ಬೇಕಾಗಲಿಲ್ಲ. ನನ್ನ ಸೇವೆಯಲ್ಲಿ ಅತಿ ಹೆಚ್ಚು ಜನರಿಗೆ ನೆಮ್ಮದಿ ಕೊಟ್ಟ ಆದೇಶ ಯಾವುದೆಂದರೆ ಇದನ್ನೇ ಹೇಳುತ್ತೇನೆ.

2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ 94 ಮಕ್ಕಳು ಸುಟ್ಟು ಸತ್ತರು. ಅಡುಗೆಮನೆಯ ಬೆಂಕಿ ತೆಂಗಿನ ಗರಿಯ ಚಾವಣಿಗೆ ಹತ್ತಿತ್ತು. ಆಗ ನನ್ನ ಮಕ್ಕಳೂ ಶಾಲೆಗೆ ಹೋಗುತ್ತಿದ್ದರು. ಆಮೇಲೆ ಶಾಲೆಗಳ ತಪಾಸಣೆಗೆ ಹೋದಾಗಲೆಲ್ಲ ಕಾಗದಪತ್ರ ನೋಡುವ ಮುಂಚೆ ಎರಡನೆಯ ಬಾಗಿಲು ಎಲ್ಲಿದೆ ಎಂದು ಕೇಳುತ್ತಿದ್ದೆ. ಬಹಳ ಕಡೆ ಬಾಗಿಲಿತ್ತು, ಬೀಗವೂ ಇತ್ತು. ‘ಮಕ್ಕಳು ಓಡಿಹೋಗುತ್ತಾರೆ ಸಾರ್’ ಎನ್ನುತ್ತಿದ್ದರು. ಓಡಿಹೋಗಲೆಂದೇ ಆ ಬಾಗಿಲು ಇರುವುದು. ಬೀಗ ತೆಗೆಸಿ, ಮಕ್ಕಳನ್ನು ಸಾಲಾಗಿ ಹೊರಗೆ ನಡೆಸಿ, ಹೊತ್ತು ನೋಡಿದ ಮೇಲೆಯೇ ಅಲ್ಲಿಂದ ಹೊರಡುತ್ತಿದ್ದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿಯಾಗಿ ಒಂಬತ್ತು ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. ಅಲ್ಲಿ ಮಗನನ್ನು ಕಳೆದುಕೊಂಡ ತಂದೆಯೊಬ್ಬರು ಉಳಿದ ಕುಟುಂಬಗಳ ಜೊತೆ ಸೇರಿ ‘ಬಿಯಾಂಡ್ ಕಾರ್ಲ್‌ಟನ್’ ಸಂಸ್ಥೆ ಕಟ್ಟಿ ಅಗ್ನಿಸುರಕ್ಷತೆಗಾಗಿ ದುಡಿಯುತ್ತಿದ್ದಾರೆ. ಸಮವಸ್ತ್ರವಿಲ್ಲದ ಆ ತಂದೆಯನ್ನು ನಾನು ನಮ್ಮ ವೃತ್ತಿಯ ದೊಡ್ಡ ನಾಯಕರಲ್ಲಿ ಎಣಿಸುತ್ತೇನೆ. ಅಷ್ಟು ದೊಡ್ಡ ದುಃಖಕ್ಕೆ ಅವರು ಒಂದು ಕೆಲಸ ಹುಡುಕಿಕೊಂಡರು.

ಸಮವಸ್ತ್ರವಿಲ್ಲದ ಇನ್ನೊಬ್ಬರು ನನ್ನ ಮನೆಯಲ್ಲೇ ಇದ್ದರು. ನಾನು ಊರಲ್ಲಿಲ್ಲದ ಒಂದು ದಿನ ಪಕ್ಕದ ಮನೆಯಲ್ಲಿ ಗ್ಯಾಸ್ ಸೋರಿತು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಡಿಕೊಂಡಿರುತ್ತದೆ, ಸ್ವಿಚ್ಚಿನ ಒಂದು ಕಿಡಿ ಸಾಕು. ಯಾರೋ ಲೈಟು ಹಾಕಲು ಹೋದಾಗ ನನ್ನ ಹೆಂಡತಿ ಕೂಗಿ ತಡೆದಳು. ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಅಜ್ಜಿಯನ್ನೂ ಮಕ್ಕಳನ್ನೂ ಅಂಗಳ ದಾಟಿಸಿ, ಅಲ್ಲಿಂದ 101ಕ್ಕೆ ಫೋನ್ ಮಾಡಿದಳು. ಇಷ್ಟು ವರ್ಷ ಊಟದ ಹೊತ್ತಿಗೆ ನಾನು ಹೇಳುತ್ತಿದ್ದುದನ್ನೆಲ್ಲ ಕೇಳಿಸಿಕೊಂಡಿದ್ದಳು. ಈಗ ನಮ್ಮ ಬಡಾವಣೆಯ ಮಹಿಳಾ ಸಂಘದವರಿಗೆ ಉರಿಯುವ ಸಿಲಿಂಡರಿನ ಮೇಲೆ ಒದ್ದೆ ಗೋಣಿತಾಟು ಹೊದಿಸುವುದನ್ನು ಅವಳೇ ಕಲಿಸುತ್ತಾಳೆ. ಗೋಣಿತಾಟು, ಬಕೆಟ್ಟು, ನೀರು ಹೊಂದಿಸಿ, ಪಕ್ಕದಲ್ಲಿ ಅಗ್ನಿನಂದಕ ಹಿಡಿದು ನಿಲ್ಲುವುದು ನನ್ನ ಪಾಲಿನ ಕೆಲಸ.