ಶಾಲೆಯ ಇಮೇಲ್: ಮಕ್ಕಳ ಗುರುತು ಗುಟ್ಟಾಗಿರಲಿ

ಪ್ರಶ್ನೆ: ಆರನೇ ತರಗತಿಯ ಮಗಳಿಗೆ ಶಾಲೆಯವರು ಗೂಗಲ್ ಇಮೇಲ್ ಖಾತೆ ತೆರೆದುಕೊಟ್ಟಿದ್ದಾರೆ. ವಿಳಾಸದಲ್ಲೇ ಅವಳ ಪೂರ್ತಿ ಹೆಸರು, ಹುಟ್ಟಿದ ವರ್ಷ ಇವೆ. ಇಡೀ ತರಗತಿಯ ಪಾಸ್‌ವರ್ಡ್‌ಗಳನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಆತಂಕ ಸಹಜವಾದದ್ದೇ. ಮೊದಲು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇವತ್ತೇ ಪಾಸ್‌ವರ್ಡ್ ಬದಲಿಸಿ. ಆ ಪಟ್ಟಿಯನ್ನು ಅಳಿಸಿ, ಉಳಿದ ಮಕ್ಕಳ ಪಾಸ್‌ವರ್ಡ್‌ಗಳನ್ನೂ ಬದಲಿಸುವಂತೆ ಕ್ಲಾಸ್ ಟೀಚರಿಗೆ ಹೇಳಿ.

ನಂತರ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಿರಿ. ವಿಳಾಸದಲ್ಲಿ ಹೆಸರು, ಇಸವಿಯ ಬದಲು ಶಾಲೆಗಷ್ಟೇ ಅರ್ಥವಾಗುವ ಸಂಕೇತವಿರಲಿ. ಹೊರಗಿನವರ ಮೇಲ್ ಮಕ್ಕಳಿಗೆ ಬಾರದಂತೆ ತಡೆಯಲಿ; ಶಾಲೆಗಳಿಗೆಂದೇ ಇರುವ ಗೂಗಲ್ ವರ್ಕ್‌ಸ್ಪೇಸ್‌ನ ಅಡ್ಮಿನ್ ಕನ್ಸೋಲ್‌ನಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಮಗು ಶಾಲೆ ಬಿಟ್ಟ ಮೇಲೆ ಖಾತೆಯನ್ನು ಯಾವಾಗ ಅಳಿಸುತ್ತಾರೆಂದು ಲಿಖಿತವಾಗಿ ಕೇಳಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರೆಲ್ಲ ಮಕ್ಕಳೇ. ಪಾಠ ಪ್ರವಚನದ ಕೆಲಸಕ್ಕೆ ಶಾಲೆಗಳಿಗೆ ಕೆಲವು ವಿನಾಯಿತಿಗಳಿವೆ, ನಿಜ. ಆದರೆ ಮಾಹಿತಿಯನ್ನು ಭದ್ರವಾಗಿಡುವ ಹೊಣೆಯಿಂದ ವಿನಾಯಿತಿಯಿಲ್ಲ.

ಶಾಲೆಯ ಖಾತೆಯಲ್ಲಿರುವುದನ್ನು ಅಡ್ಮಿನ್ ನೋಡಬಹುದು. ಹಾಗಾಗಿ ಮನೆಯ ಫೋಟೊ, ಗೆಳತಿಯರ ಗುಟ್ಟಿನ ಮಾತು ಅಲ್ಲಿ ಬೇಡವೆಂದು ಮಗಳಿಗೆ ತಿಳಿಹೇಳಿ. ಪತ್ರಕ್ಕೆ ಇತರ ಪೋಷಕರ ಸಹಿಯೂ ಇರಲಿ. ಒಬ್ಬರ ದೂರಿಗಿಂತ ಹತ್ತು ಜನರ ಕೋರಿಕೆಗೆ ಶಾಲೆ ಬೇಗ ಕಿವಿಗೊಡುತ್ತದೆ.